ಬ್ರಷ್ ತೊಳೆದ ನೀರು

ಕೆಲವು ವರ್ಷಗಳ ಹಿಂದೆ ಜೂನ್ 5ರ ಪರಿಸರ ದಿನದಂದು ಟಿ. ನರಸೀಪುರದ ಒಂದು ಶಾಲೆಯವರು ಮಕ್ಕಳ ಚಿತ್ರಸ್ಪರ್ಧೆಗೆ ತೀರ್ಪುಗಾರನಾಗಿ ನನ್ನನ್ನು ಕರೆದಿದ್ದರು. ಕಥೆ ಬರೆಯುವವನಿಗೆ ಚಿತ್ರದ ಬಗ್ಗೆ ತೀರ್ಪು ಹೇಳುವ ಅರ್ಹತೆ ಎಲ್ಲಿಂದ ಬಂತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಬೆಳಿಗ್ಗೆ ನಂಜನಗೂಡಿನಲ್ಲಿ ಬಸ್ಸು ಹತ್ತಿ ಹೋದೆ.

ಸುಮಾರು ಐವತ್ತು ಮಕ್ಕಳು ಹಜಾರದ ನೆಲದ ಮೇಲೆ ಕುಳಿತು ಬರೆಯುತ್ತಿದ್ದರು. ಹೆಚ್ಚುಕಡಿಮೆ ಎಲ್ಲರದೂ ಒಂದೇ ಚಿತ್ರ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಬಿರುಕುಬಿಟ್ಟ ನೆಲ, ಒಣಗಿದ ಮರ, ಹೊಗೆ ಕಾರುವ ಚಿಮಣಿ. ಬಲಕ್ಕೆ ಹಸಿರು ಮರ, ಹಕ್ಕಿ, ನೀಲಿ ಹೊಳೆ. ಕೆಲವರು ಭೂಮಿಗೆ ಕಣ್ಣು ಬರೆದು ಅಳಿಸಿದ್ದರು. ಕೆಲವರು ಅದನ್ನು ಎರಡು ಅಂಗೈಗಳ ನಡುವೆ ಇಟ್ಟಿದ್ದರು. ಇದು ಮಕ್ಕಳ ತಪ್ಪಲ್ಲ. ಗೋಡೆಬರಹಗಳಲ್ಲಿ, ಫ್ಲೆಕ್ಸ್ ಬೋರ್ಡುಗಳಲ್ಲಿ, ಕಚೇರಿಯ ಕ್ಯಾಲೆಂಡರುಗಳಲ್ಲಿ ನಾವು ದೊಡ್ಡವರು ಅವರಿಗೆ ತೋರಿಸಿರುವುದು ಈ ಒಂದೇ ಚಿತ್ರವನ್ನು.

ಮೂಲೆಯಲ್ಲಿದ್ದ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಹಾಳೆಯಲ್ಲಿ ಆ ಗೆರೆ ಇರಲಿಲ್ಲ. ಹಾಳೆಯ ಉದ್ದಕ್ಕೂ ಒಂದು ಹೊಳೆ. ಈ ದಡದಲ್ಲಿ ಬಟ್ಟೆ ಒಗೆಯುವ ಅಜ್ಜಿ. ಟಿಫನ್ ಕ್ಯಾರಿಯರ್ ಹಿಡಿದು ಕಂಪನಿ ಬಸ್ಸಿಗೆ ಕಾಯುತ್ತಿರುವ ಅಪ್ಪ. ಆ ದಡದಲ್ಲಿ ಫ್ಯಾಕ್ಟರಿ. ಫ್ಯಾಕ್ಟರಿಯಿಂದ ಹೊರಟ ಒಂದು ತಂತಿ ಹೊಳೆ ದಾಟಿ ಮನೆಯೊಂದರ ಬಲ್ಬಿಗೆ ಬಂದಿತ್ತು. ಬಲ್ಬಿನ ಕೆಳಗೆ ಓದುತ್ತ ಕುಳಿತ ಹುಡುಗಿ. ಹೊಳೆಯ ಬಣ್ಣ ನೀಲಿಯಲ್ಲ, ಕಪ್ಪೂ ಅಲ್ಲ. ಒಂದು ಕಡೆ ಪಾಚಿ, ಒಂದು ಕಡೆ ಬೂದಿ, ಒಂದು ಕಡೆ ಒಣಗಿದ ರಕ್ತದಂತೆ ಇತ್ತು. ಇದು ಯಾವ ಬಣ್ಣ ಎಂದು ಕೇಳಿದೆ.

“ಬಣ್ಣ ಅಲ್ಲ ಸರ್, ಬ್ರಷ್ ತೊಳ್ದಿದ್ ನೀರು. ಎಲ್ಲಿ ಚೆಲ್ಲೋದು ಅಂತ ಮಿಸ್ಸನ್ನ ಕೇಳ್ದೆ, ಮೋರಿಗೆ ಅಂದ್ರು. ಮೋರಿ ಹೊಳೆಗೇ ತಾನೆ ಹೋಗೋದು. ಅದ್ಕೆ ಅದ್ರಲ್ಲೇ ಹೊಳೆ ಬರ್ದೆ” ಎಂದಳು.

ತೀರ್ಪುಗಾರರು ನಾವು ಮೂವರಿದ್ದೆವು. ಚಿತ್ರ ಗಲೀಜಾಗಿದೆ, ಸಂದೇಶ ಸ್ಪಷ್ಟವಿಲ್ಲ, ಫ್ಯಾಕ್ಟರಿ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ ಎಂದು ಉಳಿದಿಬ್ಬರು ಹೇಳಿದರು. ನಾನು ಒಂದೆರಡು ಮಾತು ವಾದಿಸಿದೆ. ಊಟದ ಹೊತ್ತಾಗಿತ್ತು. ಪಟ್ಟಿಗೆ ಸಹಿ ಹಾಕಿದೆ. ಮೊದಲ ಬಹುಮಾನ ಅಂಗೈಗಳ ನಡುವಿನ ಭೂಮಿಗೆ ಹೋಯಿತು. ಆ ಹುಡುಗಿಗೆ ಸಮಾಧಾನಕರ ಬಹುಮಾನವೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು.

ಆ ಸಹಿಯ ಬಗ್ಗೆ ನನಗೆ ಇಂದಿಗೂ ನೆಮ್ಮದಿಯಿಲ್ಲ. ಏಕೆಂದರೆ ಅಲ್ಲಿ ಒಂದು ನೈತಿಕ ಪ್ರಶ್ನೆಯಿತ್ತು, ಅದನ್ನು ಆ ಹುಡುಗಿ ನಮಗಿಂತ ಚೆನ್ನಾಗಿ ತಿಳಿದಿದ್ದಳು. ನೆಲ, ನೀರು ಹಾಳಾಗುತ್ತಿರುವುದರ ಬಗ್ಗೆ ಚಿತ್ರ ಬರೆಯುವವನು ಎಲ್ಲಿ ನಿಂತು ಬರೆಯಬೇಕು? ನ್ಯಾಯಾಧೀಶನಂತೆ ಹೊರಗೆ ನಿಂತೋ, ಆರೋಪಿಗಳ ಸಾಲಿನಲ್ಲಿ ನಿಂತೋ?

* * *

ನಂಜನಗೂಡಿನವನಾದ ನನಗೆ ಈ ಪ್ರಶ್ನೆ ಭೂಗೋಳದ ಪಾಠವೂ ಹೌದು. ಕೇರಳದ ವಯನಾಡಿನಲ್ಲಿ ಹುಟ್ಟುವ ಕಬಿನಿ, ನಾವು ಕಪಿಲೆ ಎಂದು ಕರೆಯುವ ಹೊಳೆ, ಬೀಚನಹಳ್ಳಿಯಲ್ಲಿ 1974ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟನ್ನು ದಾಟಿ ನಮ್ಮೂರಿಗೆ ಬರುತ್ತದೆ. ನಮ್ಮೂರಿನಿಂದ ಸುತ್ತೂರಿನ ಮಗ್ಗುಲಲ್ಲಿ ಹಾದು ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತ ಬಂದಿದೆ. ಸಾವಿರಾರು ಜನ ಮುಳುಗಿ ಏಳುತ್ತಾರೆ. ಅಂದರೆ ನಂಜನಗೂಡಿನವರು ಚೆಲ್ಲಿದ್ದರಲ್ಲಿ ನರಸೀಪುರದವರು ಮೀಯುತ್ತಾರೆ. ಮೇಲಿನವರ ಮೋರಿ ಕೆಳಗಿನವರ ತೀರ್ಥ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ದೇಶದ 351 ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಕಬಿನಿಯ ನಂಜನಗೂಡು–ಹೆಜ್ಜಿಗೆ ಭಾಗವೂ ಇತ್ತು. ಊರಿನ ಒಳಚರಂಡಿ, ಕೈಗಾರಿಕೆ, ಸ್ನಾನಘಟ್ಟದಲ್ಲಿ ಬಿಟ್ಟ ಬಟ್ಟೆ, ಗದ್ದೆಯಿಂದ ಹರಿದ ಗೊಬ್ಬರ—ಹೊಳೆಗೆ ಇವುಗಳ ನಡುವೆ ಭೇದವಿಲ್ಲ.

ಹಾಗೆಂದು ನಾನು ಫ್ಯಾಕ್ಟರಿಗಳಿಗೆ ಶಾಪ ಹಾಕಲು ಹೊರಟರೆ ನನ್ನ ಮೊಹಲ್ಲಾದ ಹುಡುಗರೇ ನಕ್ಕಾರು. ಅವರ ತಂದೆಯರು ಗುಜರಿ ಸಾಮಾನು ಹೊತ್ತರು, ತಾಯಂದಿರು ಬೀಡಿ ಸುತ್ತಿದರು. ಕೈಗಾರಿಕಾ ಪ್ರದೇಶ ಬಂದ ಮೇಲೆ ಅವರಲ್ಲಿ ಕೆಲವರಿಗೆ ಗುರುತಿನ ಚೀಟಿ ಬಂತು, ಪಿ.ಎಫ್. ಬಂತು, ತಂಗಿಯರ ನಿಕಾಹ್ ಸಾಲವಿಲ್ಲದೆ ಆಯಿತು. ದಿಢೀರ್ ಕಾಫಿ ಪುಡಿಯಿಂದ ಹಿಡಿದು ಔಷಧಿಯ ಕಚ್ಚಾವಸ್ತುವಿನವರೆಗೆ ನಮ್ಮೂರಿನ ಸುತ್ತ ತಯಾರಾಗುತ್ತದೆ. ಬೆಳಿಗ್ಗೆ ಎದ್ದು ನಾನು ನುಂಗುವ ರಕ್ತದೊತ್ತಡದ ಮಾತ್ರೆ ಎಲ್ಲೋ ಒಂದು ಹೊಳೆಯ ದಂಡೆಯಲ್ಲೇ ಹುಟ್ಟಿರಬೇಕು. ಆ ಹುಡುಗಿಯ ಚಿತ್ರದಲ್ಲಿ ಹೊಳೆ ದಾಟಿ ಬಂದ ತಂತಿಯ ಅರ್ಥ ಇದೇ. ತಂತ್ರಜ್ಞಾನ ಎಂಬುದು ದಡದಾಚೆ ನಿಂತ ರಾಕ್ಷಸನಲ್ಲ. ನಮ್ಮ ಮನೆಯೊಳಗೆ ಉರಿಯುತ್ತಿರುವ ದೀಪ.

ನಮ್ಮೂರಿನ ಹೆಸರಿನಲ್ಲೇ ಈ ವಿಚಾರವಿದೆ. ನಂಜುಂಡ ಎಂದರೆ ವಿಷವನ್ನು ಉಂಡವನು. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ಇಲ್ಲಿಯ ಹರಕೆಯಿಂದ ವಾಸಿಯಾಯಿತು, ಆತ ಈ ದೇವರನ್ನು ಹಕೀಮ್ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗವೊಂದನ್ನು ಅರ್ಪಿಸಿದ ಎಂಬ ಪ್ರತೀತಿ ಊರಿನ ಎಲ್ಲ ಕೋಮಿನವರ ಬಾಯಲ್ಲಿದೆ. ಕಥೆಯಲ್ಲಿ ಅವನು ನಂಜನ್ನು ಕಂಠದಲ್ಲಿ ತಡೆದು ನಿಲ್ಲಿಸಿದ, ಕೆಳಗೆ ಇಳಿಯಗೊಡಲಿಲ್ಲ. ಅವನ ಊರಿನವರಾದ ನಾವು ನಂಜನ್ನು ಕೆಳಗಿನ ಊರಿಗೆ ಕಳಿಸುತ್ತಿದ್ದೇವೆ.

* * *

ಇನ್ನು ಚಿತ್ರಕಾರನ ವಿಷಯ. ಅವನ ಕೈಯಲ್ಲಿರುವ ಬಣ್ಣದ ಚರಿತ್ರೆಯನ್ನು ನೋಡಿದರೆ ಅವನೂ ಹೊರಗಿನವನಲ್ಲ. 1775ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ಒಂದು ಹೊಸ ಹಸಿರನ್ನು ಕಂಡುಹಿಡಿದ. ಚಿತ್ರಕ್ಕೆ, ಗೋಡೆಯ ಕಾಗದಕ್ಕೆ, ಬಟ್ಟೆಗೆ ಯುರೋಪು ಅದನ್ನು ಬಳಿದುಕೊಂಡಿತು. ಅದರಲ್ಲಿದ್ದದ್ದು ಆರ್ಸೆನಿಕ್, ಅಂದರೆ ಪಾಷಾಣ. ಗೋಡೆಯ ಮೇಲೆ ವನದ ಹಸಿರು, ಗಾಳಿಯಲ್ಲಿ ವಿಷ. ನಮ್ಮ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಹುಣಸೆ ಕಡ್ಡಿಯ ಇದ್ದಲಿನಲ್ಲಿ ಗೆರೆ ಎಳೆದು, ಗಿಡಮೂಲಿಕೆ ಮತ್ತು ಖನಿಜದ ಬಣ್ಣ ತುಂಬಿ ಬೆಳೆದದ್ದು. ಆದರೆ ಅದರ ಚಿನ್ನದ ರೇಕು ಉಬ್ಬಿ ನಿಲ್ಲುವಂತೆ ಕೆಳಗೆ ಹಚ್ಚುತ್ತಿದ್ದ ಲೇಪದಲ್ಲಿ ಸಫೇದ ಇರುತ್ತಿತ್ತು, ಅಂದರೆ ಸೀಸದ ಬಿಳಿ ಪುಡಿ. ಇಂದಿನ ಅಕ್ರಿಲಿಕ್ ಬಣ್ಣವಾದರೂ ಪೆಟ್ರೋಲಿನ ಸಂತತಿಯ ಪ್ಲಾಸ್ಟಿಕ್ಕೇ. ಸಾಯುತ್ತಿರುವ ಹೊಳೆಯನ್ನು ಅಕ್ರಿಲಿಕ್ಕಿನಲ್ಲಿ ಬರೆದು ಬ್ರಷ್ಷನ್ನು ಸಿಂಕಿನಲ್ಲಿ ತೊಳೆಯುವ ಕಲಾವಿದ ಹೊಳೆಗೆ ಎರಡು ಕೆಲಸ ಮಾಡಿದ್ದಾನೆ. ಒಂದನ್ನು ಮಾತ್ರ ಗೋಡೆಗೆ ತೂಗುಹಾಕುತ್ತಾನೆ.

ಚಿತ್ರ ಬರೆಯುವುದೇ ಸರಿಯಲ್ಲ ಎನ್ನುವವರು ನಮ್ಮಲ್ಲಿದ್ದಾರೆ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಚಿತ್ರವೇ ಹೊಟ್ಟೆಪಾಡಾಗಿದ್ದ ಒಬ್ಬನಿಗೆ ಇಬ್ನ್ ಅಬ್ಬಾಸರು, ಬರೆಯಲೇಬೇಕಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆ ಎಂಬ ಅರ್ಥದ ಸಲಹೆ ಕೊಟ್ಟರೆಂದು ಹದೀಸ್ ಗ್ರಂಥಗಳಲ್ಲಿದೆ. ಆ ಎಚ್ಚರಿಕೆಯ ಹಿಂದಿನ ಕಾರಣವಾಗಿ ವಿದ್ವಾಂಸರು ಹೇಳುವುದರಲ್ಲಿ ಒಂದು, ಮನುಷ್ಯ ತನ್ನನ್ನು ಸೃಷ್ಟಿಕರ್ತನೆಂದು ಭಾವಿಸುವ ಅಹಂಕಾರ. ನನಗನ್ನಿಸುವುದಿಷ್ಟೆ: ಆ ಅಹಂಕಾರ ಬ್ರಷ್ಷಿನಲ್ಲಿ ಮಾತ್ರ ಇರುವುದಿಲ್ಲ. ಬುಲ್ಡೋಜರಿನಲ್ಲೂ ಇರುತ್ತದೆ. ಲೋಕವನ್ನು ತಿದ್ದಲು ಹೊರಟ ಕಲಾವಿದನ ಸದುದ್ದೇಶದಲ್ಲೂ ಇರುತ್ತದೆ.

ಹಾಗಾದರೆ ಪ್ರಾಮಾಣಿಕವಾದ ಕಲೆ ಹೇಗಿರುತ್ತದೆ? ಕರ್ನಾಟಕದವರೇ ಆದ ಇಬ್ಬರ ಕೆಲಸ ನನಗೆ ಇಲ್ಲಿ ನೆನಪಾಗುತ್ತದೆ.

ಮೊದಲನೆಯವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಲಂಡನ್ ಇಲ್ಲೆಲ್ಲ ಕಲಿತ ಅವರು ಆರಂಭದಲ್ಲಿ ಬರೆದದ್ದು ತೈಲಚಿತ್ರಗಳನ್ನು. ದೇಶ ಕೋಮುಗಲಭೆಯಲ್ಲಿ ಬೇಯುತ್ತಿದ್ದ 1990ರ ದಶಕದ ಆರಂಭದಲ್ಲಿ ಅವರು ತೈಲವರ್ಣವನ್ನು ಪಕ್ಕಕ್ಕಿಟ್ಟು ಸೆಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ದಾರ, ಸೂಜಿ, ಕುಂಕುಮ, ಡಾಂಬರಿನ ಡ್ರಮ್ಮುಗಳನ್ನು. 2009ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ ಅವರು ತೋರಿಸಿದ ‘ಬಿಹೋಲ್ಡ್’ ಎಂಬ ಕೃತಿಯನ್ನು ನಾನು ಫೋಟೋಗಳಲ್ಲಷ್ಟೇ ನೋಡಿದ್ದೇನೆ. ಸುಮಾರು ನಾಲ್ಕು ಕಿಲೋಮೀಟರಿನಷ್ಟು ಉದ್ದದ, ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗ. ಆ ಹಗ್ಗದಲ್ಲಿ ತೂಗಿಬಿದ್ದ ಕಾರುಗಳ ಉಕ್ಕಿನ ಬಂಪರುಗಳು. ಇದರ ಅರ್ಥವನ್ನು ನನಗೆ ಯಾವ ಕಲಾ ವಿಮರ್ಶಕನೂ ಹೇಳಿಕೊಡಬೇಕಿಲ್ಲ. ಕಪಿಲೆಯ ಸ್ನಾನಘಟ್ಟದಲ್ಲಿ ಮುಡಿ ಕೊಟ್ಟು ಬೋಳುತಲೆಯಲ್ಲಿ ಮುಳುಗಿ ಏಳುವವರನ್ನು ನೋಡುತ್ತಲೇ ಬೆಳೆದವನು ನಾನು. ದೃಷ್ಟಿ ತಾಗದಿರಲೆಂದು ವಾಹನದ ಬಂಪರಿಗೆ ಕೂದಲಿನ ಹಗ್ಗ ಸುತ್ತುವುದನ್ನು ಬೆಂಗಳೂರಿನ ಬೀದಿಗಳಲ್ಲಿ ಯಾರೂ ಕಾಣಬಹುದು. ಯಂತ್ರವನ್ನು ಕಂಡುಹಿಡಿದ ಮನುಷ್ಯನಿಗೆ ಯಂತ್ರದ ಭಯ. ಭಯಕ್ಕೆ ಮದ್ದು ಯಾರೋ ಬಡವರು ದೇವರಿಗೆ ಒಪ್ಪಿಸಿದ ಕೂದಲು. ಆ ಕೃತಿಯಲ್ಲಿ ಯಾರಿಗೂ ಬೈಗುಳವಿಲ್ಲ. ಉಕ್ಕಿನ ಭಾರವನ್ನು ಯಾವುದು ಹೊತ್ತಿದೆ ನೋಡಿ ಎನ್ನುತ್ತದೆ, ಅಷ್ಟೆ.

ಎರಡನೆಯವರು ಮೈಸೂರಿನ ಕುಕ್ಕರಹಳ್ಳಿಯ ಬಾದಲ್ ನಂಜುಂಡಸ್ವಾಮಿ. ನಮ್ಮೂರ ದೇವರ ಹೆಸರನ್ನೇ ಹೊತ್ತವರು, ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿದವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ದೊಡ್ಡ ಹೊಂಡವೊಂದರಲ್ಲಿ ನೀರಿನಂತೆ ಬಣ್ಣ ಬಳಿದು, ಮೊಸಳೆಯ ಪ್ರತಿಕೃತಿಯೊಂದನ್ನು ಮಲಗಿಸಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯಲಿದೆ ಎಂದು ದೇಶವೆಲ್ಲ ಕಾಯುತ್ತಿದ್ದ ದಿನಗಳಲ್ಲಿ, ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ನಟರೊಬ್ಬರನ್ನು ನಡೆಸಿ ವಿಡಿಯೋ ಮಾಡಿದರು. ಚಂದ್ರನ ಮೇಲೆ ನಡೆಯುತ್ತಿದ್ದಾನೆ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗುತ್ತದೆ. ಇದು ವಿಜ್ಞಾನದ ಅಪಹಾಸ್ಯವಲ್ಲ. 2023ರಲ್ಲಿ ನಮ್ಮ ನೌಕೆ ಚಂದ್ರನ ಮೇಲೆ ಇಳಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಷ್ಟು ದೂರ ತಲುಪಬಲ್ಲ ಜಾಣತನ ಮನೆಯ ಮುಂದಿನ ಗುಂಡಿಯನ್ನು ತಲುಪದಿರುವುದೇಕೆ ಎಂಬುದು ಅವರ ಪ್ರಶ್ನೆ. ಎರಡೂ ಸಲ ನಗರಪಾಲಿಕೆಯವರು ಬೇಗನೆ ಬಂದು ರಸ್ತೆ ದುರಸ್ತಿಗೆ ಕೈಹಾಕಿದರು.

ಇವರಿಬ್ಬರ ದಾರಿ ಬೇರೆ ಬೇರೆ. ಆದರೆ ಒಂದು ವಿಷಯದಲ್ಲಿ ಸಮಾನರು. ಇಬ್ಬರೂ ‘ಭೂಮಿ ಅಳುತ್ತಿದೆ’ ಎನ್ನುವುದಿಲ್ಲ. ಒಬ್ಬರು ನಮ್ಮ ಮನೆಯ ವಸ್ತುವನ್ನೇ, ನಮ್ಮ ದೇಹದ ಅಂಶವನ್ನೇ ಕೃತಿಯಾಗಿಸುತ್ತಾರೆ. ಇನ್ನೊಬ್ಬರು ಹಾಳಾದ ಜಾಗಕ್ಕೇ ಹೋಗಿ ಅಲ್ಲೇ ಕೂತು ಬಣ್ಣ ಹಚ್ಚುತ್ತಾರೆ. ಬ್ರಷ್ ತೊಳೆದ ನೀರಿನಲ್ಲಿ ಹೊಳೆ ಬರೆದ ಹುಡುಗಿ ಇವರ ಹೆಸರನ್ನು ಕೇಳಿರಲಾರಳು. ಆದರೂ ಅವಳು ಇವರ ಸಾಲಿನವಳು.

* * *

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಎಲ್ಲರ ಕೈಯೂ ಮಲಿನ ಎಂದರೆ ಯಾರ ಕೈಯೂ ಮಲಿನವಲ್ಲ ಎಂದಂತೆಯೇ. ಬಟ್ಟೆ ಒಗೆಯುವ ಅಜ್ಜಿಯ ಸಾಬೂನಿನ ನೊರೆಯನ್ನೂ, ರಾತ್ರಿ ಹೊತ್ತು ಯಾರೂ ನೋಡದಾಗ ಪೈಪಿನ ಬಾಯಿ ತೆರೆಯುವವನ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ದೊಡ್ಡವರಿಗೆ ಅನುಕೂಲವಾದ ನೀತಿ. ‘ಮನುಷ್ಯನ ದುರಾಸೆ’ ಎಂದು ಹೇಳಿದರೆ ಯಾವ ಮನುಷ್ಯನಿಗೂ ನೋಟೀಸು ಹೋಗುವುದಿಲ್ಲ.

ಹೀಗೆ ಹೆಸರು ತಪ್ಪಿಸುವ ಚಾಳಿ ಹಳೆಯದು. ನರಸೀಪುರದಿಂದ ಕಾವೇರಿಯ ಜೊತೆ ಇನ್ನಷ್ಟು ಕೆಳಗೆ ಹೋದರೆ, ಅದೇ ತಾಲ್ಲೂಕಿನ ತಲಕಾಡು. ಗಂಗರ ರಾಜಧಾನಿಯಾಗಿದ್ದ ಊರನ್ನು ಮರಳು ನುಂಗಿದೆ. ಕಾರಣ ಕೇಳಿದರೆ ಅಲಮೇಲಮ್ಮನ ಶಾಪ ಎನ್ನುತ್ತಾರೆ. ಒಡವೆಗಾಗಿ ರಾಜಭಟರು ಬೆನ್ನಟ್ಟಿದಾಗ ಹೊಳೆಗೆ ಹಾರಿದ ಹೆಣ್ಣುಮಗಳು ಊರು ಮರಳಾಗಲೆಂದು ಶಪಿಸಿದಳಂತೆ. ಕೃಷಿವಿಜ್ಞಾನಿಯೂ ಕಥೆಗಾರರೂ ಆದ ಕೆ.ಎನ್. ಗಣೇಶಯ್ಯನವರು ಬೇರೊಂದು ವಿವರಣೆ ಕೊಟ್ಟಿದ್ದಾರೆ. ವಿಜಯನಗರದ ಕಾಲದಲ್ಲಿ ಮಾಧವ ಮಂತ್ರಿ ಅಲ್ಲಿ ಕಟ್ಟಿಸಿದ ಅಣೆಯಿಂದ ನದಿಯ ಹರಿವು ಬದಲಾಗಿ, ಬರಿದಾದ ಪಾತ್ರದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿದಿರಬೇಕು ಎಂಬುದು ಅದರ ಸಾರಾಂಶ. ಇದನ್ನು ಒಪ್ಪುವುದಾದರೆ, ಅಣೆ ಕಟ್ಟಿದ ತಂತ್ರಜ್ಞಾನದ ಫಲವನ್ನು ನಾವು ನಾನೂರು ವರ್ಷ ಒಬ್ಬ ದುಃಖಿತ ಹೆಣ್ಣಿನ ಬಾಯಿಗೆ ಕಟ್ಟಿದ್ದೇವೆ. ಅಂದಿನವರು ಶಾಪ ಎಂದರು, ಇಂದು ನಾವು ಹವಾಮಾನ ಎನ್ನುತ್ತೇವೆ. ಎರಡರಲ್ಲೂ ಕೈ ಕಾಣುವುದಿಲ್ಲ.

ಕುರ್‌ಆನಿನಲ್ಲಿ ಈ ಕೈಯ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ನೆಲದಲ್ಲೂ ಕಡಲಲ್ಲೂ ತಲೆದೋರಿದ ಕೇಡು ಜನರ ಕೈಗಳ ಗಳಿಕೆಯ ಫಲ ಎಂಬ ಅರ್ಥದ ಮಾತು ಅರ್‍ರೂಮ್ ಅಧ್ಯಾಯದಲ್ಲಿದೆ. ತೀರ್ಪಿನ ದಿನ ಬಾಯಿಗಳಿಗೆ ಮುದ್ರೆ ಬೀಳುತ್ತದೆ, ಕೈಗಳು ಮಾತಾಡುತ್ತವೆ, ಕಾಲುಗಳು ಸಾಕ್ಷಿ ನುಡಿಯುತ್ತವೆ ಎಂದು ಯಾಸೀನ್ ಅಧ್ಯಾಯ ಹೇಳುತ್ತದೆ. ಬಾಯಿ ಸುಳ್ಳು ಹೇಳಬಲ್ಲದು, ಕೈ ಹೇಳಲಾರದು. ಅಲ್ಲಿ ಪ್ರತಿಯೊಂದು ಕೈಯೂ ತಾನು ಮಾಡಿದ್ದನ್ನಷ್ಟೇ ಹೇಳುತ್ತದೆ, ಲೋಕದ ಕೈಗಳೆಲ್ಲ ಸೇರಿ ಒಂದು ಸಾಮೂಹಿಕ ಹೇಳಿಕೆ ಕೊಡುವುದಿಲ್ಲ. ಅಜ್ಜಿಯ ಕೈ ಸಾಬೂನಿನ ಲೆಕ್ಕ ಕೊಟ್ಟೀತು. ಪೈಪಿನವನ ಕೈ ಪೈಪಿನ ಲೆಕ್ಕ ಕೊಡಬೇಕಾದೀತು.

ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಬಂದವನಿಗೆ ಕೆಲವು ಪದಗಳು ಎರಡು ಮುಖದಲ್ಲಿ ಕಾಣುತ್ತವೆ. ನನ್ನ ಉರ್ದು ಪಾಠದಲ್ಲಿ ಅಮಾನತ್ ಎಂದರೆ ನಂಬಿಕೆಯಿಟ್ಟು ನಮ್ಮ ವಶಕ್ಕೆ ಒಪ್ಪಿಸಿದ ಇನ್ನೊಬ್ಬರ ಸೊತ್ತು. ಆಕಾಶ, ಭೂಮಿ, ಪರ್ವತಗಳು ಹೆದರಿ ಒಲ್ಲೆನೆಂದ ಅಮಾನತನ್ನು ಮನುಷ್ಯ ಹೊತ್ತುಕೊಂಡನೆಂದು ಅಲ್‌ ಅಹ್‌ಝಾಬ್ ಅಧ್ಯಾಯದಲ್ಲಿದೆ. ಕನ್ನಡ ಪತ್ರಿಕೆಯಲ್ಲಿ ಮೊದಲ ಸಲ ‘ಅಧಿಕಾರಿ ಅಮಾನತು’ ಎಂದು ಓದಿದಾಗ ಆ ಅಧಿಕಾರಿಯನ್ನು ಯಾರೋ ಜೋಪಾನವಾಗಿ ಎತ್ತಿಟ್ಟಿದ್ದಾರೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಎರಡು ಅರ್ಥಗಳಿಗೂ ನಂಟಿದೆ. ಅಮಾನತನ್ನು ಕಾಯದವನು ಅಮಾನತಾಗಬೇಕು. ಹೊಳೆಯ ವಿಷಯದಲ್ಲಿ ಮಾತ್ರ ನಮಗೆ ಎರಡೂ ಅರ್ಥ ಮರೆತುಹೋಗಿದೆ.

ಆದ್ದರಿಂದ ಕಲೆ ಮಾಡಬೇಕಾದ ಕೆಲಸ ಎರಡು ಎಂದು ನನಗೆ ತೋರುತ್ತದೆ. ಮೊದಲು ತನ್ನ ಕೈಯನ್ನು ಚಿತ್ರದೊಳಗೆ ಇಡುವುದು. ಆಮೇಲೆ ಯಾರ ಕೈ ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುವುದು. ಎರಡನೆಯದನ್ನು ಮಾಡುವ ಹಕ್ಕು ಮೊದಲನೆಯದನ್ನು ಮಾಡಿದವರಿಗೆ ಇದೆ. ತನ್ನ ಬ್ರಷ್ಷಿನ ನೀರಿನ ಲೆಕ್ಕ ಕೊಟ್ಟ ಹುಡುಗಿ ನಾಳೆ ಫ್ಯಾಕ್ಟರಿಯ ಪೈಪಿನ ಲೆಕ್ಕ ಕೇಳಿದರೆ, ಕಂಪನಿಯ ದೀಪದಲ್ಲೇ ಓದಿದವಳು ನೀನು ಎಂದು ಅವಳ ಬಾಯಿ ಮುಚ್ಚಿಸಲಾಗದು. ಆ ದೀಪವನ್ನು ಅವಳೇ ಮೊದಲು ಬರೆದಿದ್ದಾಳಲ್ಲ!

* * *

ಬಣ್ಣ ಮತ್ತು ಕೈಯ ನಂಟಿಗೆ ನಮ್ಮ ಜಿಲ್ಲೆಯಲ್ಲೇ ಒಂದು ನಿದರ್ಶನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರು ಪೇಂಟ್ಸ್ 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತ ಬಂದಿದೆ. ಬೆಳ್ಳಿಯ ಲವಣವೊಂದು ಚರ್ಮದ ಮೇಲೆ ಬೆಳಕಿಗೆ ಕಪ್ಪಾಗುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಈ ಕೈ ಒಂದು ಕೆಲಸ ಮಾಡಿದೆ ಎಂದು ಅಷ್ಟು ಖಚಿತವಾಗಿ ಹೇಳುವ ಇನ್ನೊಂದು ಬಣ್ಣ ನನಗೆ ತಿಳಿದಿಲ್ಲ. ಹೊಳೆಗೆ ಏನನ್ನಾದರೂ ಚೆಲ್ಲಿದ ಬೆರಳಿಗೂ ಅಂಥದ್ದೊಂದು ಗುರುತು ಬೀಳುವಂತಿದ್ದರೆ, ನನ್ನ ಬೆರಳನ್ನೂ ಸೇರಿಸಿ, ಯಾರ ಗುರುತು ಎಷ್ಟು ದಪ್ಪ ಎಂಬುದು ಆಗ ಕಾಣುತ್ತಿತ್ತು.

ಹರಿಯುವ ಹೊಳೆಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿಯವರು ಹೇಳಿದರೆಂಬ ಮಾತನ್ನು ಬಾಲ್ಯದಲ್ಲಿ ಮದರಸಾದಲ್ಲಿ ಕೇಳಿದ್ದೆ. ಹೊಳೆಯಲ್ಲಿ ಅಷ್ಟೊಂದು ನೀರಿರುವಾಗ ಒಂದು ಬೊಗಸೆ ಹೆಚ್ಚಾದರೆ ಏನು ಎಂದು ಆಗ ಅನ್ನಿಸಿತ್ತು. ಲೆಕ್ಕ ಇರುವುದು ಹೊಳೆಯ ನೀರಿಗಲ್ಲ, ನನ್ನ ಬೊಗಸೆಗೆ ಎಂದು ತಿಳಿಯಲು ನಲವತ್ತು ವರ್ಷ ದಾಟಬೇಕಾಯಿತು. ತಿಳಿಸಿದವಳು ಎಂಟನೆಯ ತರಗತಿಯ ಹುಡುಗಿ. ಅವಳಿಗೆ ನಾನು ಕೊಟ್ಟದ್ದು ಪ್ಲಾಸ್ಟಿಕ್ ಡಬ್ಬಿ.

ಆಮೇಲೆ ಇನ್ನೊಂದು ಕಡೆ ತೀರ್ಪುಗಾರನಾಗಲು ಕರೆ ಬಂದಾಗ ನಾನು ಮೊದಲು ಒಂದು ಮಾತು ಕೇಳಿದೆ: “ಮಕ್ಕಳು ಬ್ರಷ್ ತೊಳೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ?” ಸಂಘಟಕರು ತಮಾಷೆ ಎಂದುಕೊಂಡು ನಕ್ಕರು. ನಾನು ಉತ್ತರಕ್ಕೆ ಕಾದೆ. ಅವರು ಮತ್ತೆ ಫೋನು ಮಾಡಲಿಲ್ಲ.